ಅತ್ತೆಯ ಹಾರ್ವೆಸ್ಟರಿಗೆ ಅಳಿಯನ ರಿಪೇರಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ. ಬೀದಿಗೊಂದು ಯೂನಿಟ್ಟು, ಯೂನಿಟ್ಟಿಗೊಬ್ಬ ಮಾಸ್ಟರು. ಆದರೆ ಎಂಥ ಪ್ಯಾಂಟಿನ ಮೇಲಾದರೂ ಒಮ್ಮೆ ಕಣ್ಣಾಡಿಸಿ ಅದರ ಜಾತಕ ಬರೆದುಕೊಡುವ ಮಹಾಪುರುಷ ಇಡೀ ಊರಿಗೆ ಒಬ್ಬನೇ. ಆತ ಪಾರ್ವತಿನಗರದ ಕಟಿಂಗ್ ಮಾಸ್ಟರ್ ಶೇಖರ್. ಹೀಗೆಂದು ಹೇಳಿದವರು ಯಾರು ಎಂದು ಕೇಳುತ್ತೀರಾ? ಶೇಖರನೇ! ಬೇರೆಯವರಿಗೆ ಹೇಳಲು ಅವನು ಪುರುಸೊತ್ತು ಕೊಟ್ಟರೆ ತಾನೆ?

ಅವನ ವಿದ್ಯೆಯ ಗುಟ್ಟು ಬಹಳ ಸರಳ. ಮುಂಬೈಯಿಂದ ಹೊಸ ನಮೂನೆಯ ಪ್ಯಾಂಟೊಂದು ಬಂತೆನ್ನಿ. ಇವನು ಬ್ಲೇಡು ಹಿಡಿದು ಹೊಲಿಗೆಯನ್ನೆಲ್ಲ ಬಿಚ್ಚುತ್ತಾನೆ. ಮುಂದಿನ ಕಾಲು, ಹಿಂದಿನ ಕಾಲು, ಜೇಬು, ಬೆಲ್ಟಿನ ಪಟ್ಟಿ ಎಲ್ಲವನ್ನೂ ಮೇಜಿನ ಮೇಲೆ ಹರಡಿ ರಟ್ಟಿನಲ್ಲಿ ಅಚ್ಚು ತೆಗೆಯುತ್ತಾನೆ. ಮುಂದಿನ ವಾರಕ್ಕೆ ಅಂಥವೇ ಪ್ಯಾಂಟುಗಳು ಯೂನಿಟ್ಟಿನಲ್ಲಿ ರಾಶಿ ಬಿದ್ದಿರುತ್ತವೆ. "ಬಿಚ್ಚಿದ್ರೂ ತಿಳಿಯಲಾರದಂಥಾದ್ದು ಈ ಭೂಮಿ ಮ್ಯಾಲೆ ಯಾವುದೂ ಇಲ್ಲ" ಎನ್ನುವುದು ಅವನ ವೇದವಾಕ್ಯ. ಈ ವೇದವಾಕ್ಯವೇ ಕಳೆದ ಶನಿವಾರ ಅವನನ್ನು ನಡುಮನೆಯಲ್ಲಿ ಮಕಾಡೆ ಮಲಗಿಸಿತು. ಅದನ್ನೇ ಹೇಳಲು ಹೊರಟಿದ್ದೇನೆ. ನಗುವವರು ನಗಬಹುದು, ಅವನ ಹೆಂಡತಿ ಇನ್ನೂ ನಗುತ್ತಲೇ ಇದ್ದಾಳೆ.

ಶೇಖರನ ಅತ್ತೆ ಜಂಬಮ್ಮ ಸಿರುಗುಪ್ಪದ ಕಡೆಯ ತೆಕ್ಕಲಕೋಟೆಯವರು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಬಂದು ಉಳಿದಿದ್ದರು. ಕಾಲು ನೆಟ್ಟಗಾಯಿತು, ಆದರೆ ಕೈಗೆ ಕೆಲಸವಿಲ್ಲದೆ ಜೀವ ಚಡಪಡಿಸತೊಡಗಿತು. ಮಗಳು ನೀಲಾವತಿ ಕಾಲೇಜಿನ ಆಫೀಸಿಗೆ, ಅಳಿಯ ಯೂನಿಟ್ಟಿಗೆ, ಮೊಮ್ಮಗಳು ಅಕ್ಷತಾ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವರು ಮತ್ತು ನಾಲ್ಕು ಗೋಡೆ. ಧಾರಾವಾಹಿಯ ಸೊಸೆಯರು ಅಳುವುದನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಮೊಮ್ಮಗಳ ಆಟಿಕೆಯ ಡಬ್ಬಿಯನ್ನು ಉಡಿಗೆ ಸುರಿದುಕೊಂಡರು. ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳು. ಡಬ್ಬಿಯ ಮೇಲೆ ಒಂದು ಕೋಟೆಯ ಚಿತ್ರವಿತ್ತು. ಅಕ್ಷತಾ ಆ ಕೋಟೆಯನ್ನು ಒಮ್ಮೆ ಕಟ್ಟಿ, ಬೇಸರ ಬಂದು ಬಿಟ್ಟಿದ್ದಳು. ಜಂಬಮ್ಮನವರಿಗೆ ಕೋಟೆ ಯಾಕೆ ಬೇಕು? ಅವರು ಕೋಟೆಯ ಕಲ್ಲುಗಳಿಂದ ಭತ್ತ ಕೊಯ್ಯುವ ಹಾರ್ವೆಸ್ಟರ್ ಕಟ್ಟಿದರು!

ಮುಂದೆ ತಿರುಗುತ್ತ ತೆನೆ ಬಾಚಿಕೊಳ್ಳುವ ಹಲ್ಲಿನ ರೀಲು, ಅದರ ಹಿಂದೆ ಡ್ರೈವರು ಕೂಡುವ ಕ್ಯಾಬಿನ್ನು, ಮೇಲೆ ಕಾಳಿನ ತೊಟ್ಟಿ, ಪಕ್ಕಕ್ಕೆ ಓರೆಯಾಗಿ ಕಾಳು ಸುರಿಯುವ ಪೈಪು. ಬೆರಳಿನಿಂದ ತಳ್ಳಿದರೆ ರೀಲು ಗಿರಗಿರನೆ ತಿರುಗುತ್ತಿತ್ತು. ನೋಡಿದವರು ಬಾಯಿ ತೆರೆದು ನಿಂತರು.

ಇದರ ಹಿಂದೊಂದು ಹಳೆಯ ಛಲವಿತ್ತು. ಜಂಬಮ್ಮನವರ ತಮ್ಮ ಮೈಲಾರಪ್ಪ ತೆಕ್ಕಲಕೋಟೆಯಲ್ಲಿ ನಿಜವಾದ ಹಾರ್ವೆಸ್ಟರ್ ಓಡಿಸುತ್ತಾನೆ. ಒಂದು ಕಾಲದಲ್ಲಿ ಕೊಯ್ಲಿನ ಹೆಂಗಸರ ಗುಂಪಿಗೆಲ್ಲ ಜಂಬಮ್ಮನೇ ಮುಂದಾಳು. ಮಷಿನ್ನು ಬಂದ ಮೇಲೆ ಕುಡುಗೋಲು ಸೂರಿಗೆ ಸೇರಿತು. ಆಗಿನಿಂದ ಪ್ರತಿ ಸುಗ್ಗಿಗೂ ಬದುವಿನ ಮೇಲೆ ಕೂತು ತಮ್ಮನ ಮಷಿನ್ನನ್ನು ನೋಡುತ್ತಿದ್ದರು, ಒಮ್ಮೆ ಕ್ಯಾಬಿನ್ನಿನಲ್ಲಿ ಕೂಡಿಸಿಕೋ ಎನ್ನುತ್ತಿದ್ದರು. ಅವನು ನಕ್ಕು, ಇದು ಮಷಿನ್ನು ಅಕ್ಕ, ನಿನಗೆ ತಿಳಿಯುವಂಥದ್ದಲ್ಲ ಎಂದು ಮುಂದೆ ಓಡಿಸಿಬಿಡುತ್ತಿದ್ದ. ಆ ಮಾತು ಅಕ್ಕನ ಹೊಟ್ಟೆಯಲ್ಲಿ ಕೂತಿತ್ತು. ಈಗ ಕುರುಗೋಡಿನಲ್ಲಿ ನೆಂಟರ ಮಗುವಿಗೆ ಹೆಸರಿಡುವ ಕಾರ್ಯ. ಮೈಲಾರಪ್ಪನೂ ಅಲ್ಲಿಗೆ ಬರುವವನಿದ್ದ. ಶನಿವಾರ ಬೆಳಿಗ್ಗೆ ಜಂಬಮ್ಮ ಅಕ್ಷತಾಳನ್ನು ಕರೆದುಕೊಂಡು ಹೊರಟರು. ಮರುದಿನ ಸಂಜೆ ತಮ್ಮನನ್ನು ಹಿಡಿದು ತಂದು ತಾವು ಕಟ್ಟಿದ ಮಷಿನ್ನಿನ ಮುಂದೆ ನಿಲ್ಲಿಸಬೇಕು, ಇದೇ ಲೆಕ್ಕಾಚಾರ.

ಹೋಗುವಾಗ ಅಳಿಯನಿಗೆ ಒಂದೇ ಮಾತು ಹೇಳಿದರು.

"ಅಳಿಯಂದ್ರ, ಮಷಿನ್ ಮ್ಯಾಲೆ ಒಂದು ಕಣ್ಣಿಟ್ಟಿರ್ರಿ."

"ನಿಶ್ಚಿಂತಿಯಿಂದ ಹೋಗಿ ಬರ್ರಿ ಅತ್ತಿ. ಅದನ್ನ ಒಂದು ಇರುವಿ ಮುಟ್ಟಂಗಿಲ್ಲ, ನಾ ಅದೀನಿ" ಎಂದ ಶೇಖರ್.

ಇರುವೆ ಮುಟ್ಟಲಿಲ್ಲ. ಮಾತು ಮಾತೇ.

ಅವರು ಬೀದಿಯ ತಿರುವು ದಾಟುತ್ತಿದ್ದಂತೆ ಶೇಖರನ ತಲೆಯಲ್ಲಿ ಒಂದು ದಿವ್ಯ ವಿಚಾರ ಮೂಡಿತು. ಇಂಥ ಕಲಾಕೃತಿಯನ್ನು ಟಿವಿಯ ಪಕ್ಕ ರಿಮೋಟು, ಕರೆಂಟು ಬಿಲ್ಲು, ಕೊಬ್ಬರಿ ಎಣ್ಣೆಯ ಬಾಟಲಿಯ ಜೊತೆ ಇಡುವುದೇ? ಛೆ! ಗೋಡೆಯ ಮೇಲಿನ ಗಾಜಿನ ಶೋಕೇಸಿನಲ್ಲಿ, ಮೈಲಾರಪ್ಪ ಮಾವ ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ ಅದು ವಿರಾಜಮಾನವಾಗಬೇಡವೇ? ನೀಲಾವತಿ ಅಡುಗೆಮನೆಯಿಂದಲೇ, ಅದನ್ನು ಮುಟ್ಟಬೇಡಿ ಎಂದಳು. ಮುಟ್ಟಬೇಡಿ ಎನ್ನುವುದನ್ನು ಗಂಡಸರು ಯಾವಾಗ ಕೇಳಿಸಿಕೊಂಡಿದ್ದಾರೆ? ಶೇಖರ್ ಸ್ಟೂಲು ಹತ್ತಿದ. ಒಂದು ಕೈಯಲ್ಲಿ ಶೋಕೇಸಿನ ಗಾಜು ಸರಿಸಿದ, ಇನ್ನೊಂದು ಕೈಯಲ್ಲಿ ಹಾರ್ವೆಸ್ಟರನ್ನು ಎತ್ತಿದ. ಎತ್ತಿದ್ದಾದರೂ ಎಲ್ಲಿ ಹಿಡಿದು? ಮುಂದಿನ ರೀಲು ಹಿಡಿದು! ರೀಲು ಕೈಯಲ್ಲಿ ಉಳಿಯಿತು. ಮಿಕ್ಕ ಮಷಿನ್ನು ಭೂಮಿತಾಯಿಯನ್ನು ಸೇರಿತು.

ಬಿದ್ದ ಸದ್ದಿಗೆ ನೀಲಾವತಿ ಹೊರಗೆ ಬಂದಳು. ಮುಂಭಾಗ ನುಚ್ಚುನೂರಾಗಿ ಸೋಫಾದ ಕೆಳಗೂ ಬಾಗಿಲ ಸಂದಿಗೂ ಹಂಚಿಹೋಗಿತ್ತು. ಹಿಂಭಾಗ ಮಾತ್ರ, ದೇವರ ದಯೆ, ಗಟ್ಟಿಯಾಗಿ ಉಳಿದಿತ್ತು. ಗಂಡನ ಕೈಯಲ್ಲಿದ್ದ ರೀಲು ಇನ್ನೂ ತಿರುಗುತ್ತಿತ್ತು.

"ಈಗ ಅವ್ವಗ ಫೋನ್ ಮಾಡಿ, ಕೈತಪ್ಪಿ ಬಿತ್ತು ಅಂತ ಹೇಳಿಬಿಡ್ರಿ" ಎಂದಳು ನೀಲಾವತಿ.

"ಏನಂದಿ? ಅಳಿಯ ಅಂದಮ್ಯಾಲೆ ಒಂದು ಮರ್ಯಾದಿ ಇರ್ತೈತಿ. ನಾಳೆ ಸಂಜಿಗಿ ಇದು ಹೆಂಗಿತ್ತೋ ಹಂಗ ನಿಂತಿರ್ತೈತಿ, ನೋಡುವಂತಿ."

"ನೀವು ಪ್ಯಾಂಟ್ ಮಾಸ್ತರ್ರು ಅದೀರಿ."

"ಪ್ಯಾಂಟ್ ಆದ್ರೇನು, ಮಷಿನ್ ಆದ್ರೇನು? ಬಿಚ್ಚಿದ್ರ ತಿಳೀತೈತಿ."

ಹೀಗೆ ಹೇಳಿ ನಮ್ಮ ಮಹಾಪುರುಷ ಏನು ಮಾಡಿದ ಗೊತ್ತೇ? ಕೈಯಲ್ಲಿದ್ದ ರೀಲನ್ನೂ, ಗಟ್ಟಿಯಾಗಿ ಉಳಿದಿದ್ದ ಹಿಂಭಾಗವನ್ನೂ ಬಿಚ್ಚಿದ! ಒಂದೊಂದೇ ಇಟ್ಟಿಗೆಯನ್ನು ಉಗುರಿನಿಂದ ಎಬ್ಬಿಸಿ, ಯೂನಿಟ್ಟಿನಲ್ಲಿ ಮಾಡುವ ಹಾಗೆಯೇ ಹಾಸಿದ ಬೆಡ್‌ಶೀಟಿನ ಮೇಲೆ ಹರಡಿದ. ಬಣ್ಣದ ಚಾಕ್‌ಪೀಸಿನಿಂದ ಸುತ್ತ ಗೆರೆಯನ್ನೂ ಎಳೆದ. ಎಲ್ಲ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. ಆಗ ಎದೆ ಧಸಕ್ಕೆಂದಿತು.

ಪ್ಯಾಂಟು ಬಿಚ್ಚಿದರೆ ಕಾಲಿನ ತುಂಡು ಕಾಲಿನ ಹಾಗೇ ಇರುತ್ತದೆ, ಜೇಬಿನ ತುಂಡು ಜೇಬಿನ ಹಾಗೇ ಇರುತ್ತದೆ. ತುಂಡೇ ತನ್ನ ಜಾಗ ಹೇಳುತ್ತದೆ. ಈ ಇಟ್ಟಿಗೆಗಳೋ, ಮದುವೆ ಮನೆಯ ಚಪ್ಪಲಿಗಳಂತೆ ಎಲ್ಲವೂ ಒಂದೇ ನಮೂನೆ. ಯಾವುದು ತೊಟ್ಟಿಯದು, ಯಾವುದು ಕ್ಯಾಬಿನ್ನಿನದು? ಕೇಳಿದರೆ ಹೇಳಲು ಅವಕ್ಕೆ ಬಾಯಿಲ್ಲ. ಹೇಳಬಲ್ಲ ಅಕ್ಷತಾ ಕುರುಗೋಡಿನಲ್ಲಿದ್ದಾಳೆ. ಅವಳಿಗೆ ಫೋನು ಮಾಡಿದರೆ ಅಜ್ಜಿಗೆ ಮಾಡಿದಂತೆಯೇ.

"ಅರ್ಧ ಮುರಿದಿತ್ತು. ಪೂರ್ತಿ ಮಾಡಿದ್ರಿ" ಎಂದಳು ನೀಲಾವತಿ, ಪೊರಕೆಯಿಂದ ಸೋಫಾದ ಕೆಳಗಿನ ಇಟ್ಟಿಗೆಗಳನ್ನು ಎಳೆಯುತ್ತ.

ಉಳಿದದ್ದು ಒಂದೇ ದಾರಿ. ನೀಲಾವತಿಯ ಫೋನಿನಲ್ಲಿ ಹಾರ್ವೆಸ್ಟರಿನ ಒಂದು ಫೋಟೋ ಇತ್ತು. ತೆಗೆದು ನೋಡಿದರೆ ಅದರಲ್ಲಿ ಜಂಬಮ್ಮ ಚೆನ್ನಾಗಿ ಬಂದಿದ್ದರು, ಅಕ್ಷತಾ ಇನ್ನೂ ಚೆನ್ನಾಗಿ ಬಂದಿದ್ದಳು, ಹಾರ್ವೆಸ್ಟರು ಇಬ್ಬರ ನಡುವೆ ಸಿಕ್ಕಿ ಇಣುಕುತ್ತಿತ್ತು. ಅರ್ಧಕ್ಕೆ ಅತ್ತೆಯ ಸೆರಗು, ಇನ್ನರ್ಧಕ್ಕೆ ಮಗಳ ಎರಡು ಬೆರಳು. ಶೇಖರ್ ಫೋಟೋವನ್ನು ಹಿಗ್ಗಿಸಿದ, ಓರೆ ಮಾಡಿದ, ತಲೆಕೆಳಗು ಮಾಡಿದ. ಇಟ್ಟಿಗೆಯ ತಲೆಯ ಮೇಲಿನ ಬೊಟ್ಟುಗಳನ್ನು ಎಣಿಸಿ, ಇದು ಉದ್ದದ್ದು, ಇದು ಗಿಡ್ಡದ್ದು ಎಂದು ಬೇರೆ ಮಾಡಿದ. ಕೋಟೆಯ ಕಿಟಕಿಯ ಸರಳುಗಳೇ ರೀಲಿನ ಹಲ್ಲುಗಳು, ಬಾವುಟದ ಕೋಲೇ ರೀಲಿನ ಅಚ್ಚು ಎಂಬುದನ್ನು ಕಂಡುಹಿಡಿದಾಗ ಅವನಿಗಾದ ಹಿಗ್ಗು ಹೇಳತೀರದು. ಹೊಸ ಗ್ರಹವನ್ನು ಕಂಡುಹಿಡಿದವರಿಗೂ ಅಷ್ಟು ಬೀಗಲು ಬರಲಿಕ್ಕಿಲ್ಲ.

ಆದರೆ ಆ ಓರೆಯ ಪೈಪು! ಅದು ಬೀಳದೆ ಹೇಗೆ ನಿಂತಿತ್ತು? ಯಾವ ಇಟ್ಟಿಗೆಯನ್ನು ಸಿಕ್ಕಿಸಿದರೂ ಪೈಪು ಅಡ್ಡ ಮಲಗುತ್ತಿತ್ತು. ಹಾಗೆಯೇ ಮುಂದಿನ ಎರಡು ಹೊಳೆಯುವ ದೀಪಗಳು. ಅಂಥ ತುಂಡು ರಾಶಿಯಲ್ಲಿ ಎಲ್ಲೂ ಇರಲಿಲ್ಲ. ಇದು ಕಂಪನಿಯವರು ವಿಶೇಷವಾಗಿ ಮಾಡಿದ ಲೋಹದ ತುಂಡಿರಬೇಕು, ವಿದೇಶದಿಂದ ತರಿಸಬೇಕಾದೀತು ಎಂದು ಗಂಭೀರವಾಗಿ ಹೇಳಿದ. ನೀಲಾವತಿ ಬಗ್ಗಿ ಫೋಟೋ ನೋಡಿದಳು.

"ಪೈಪ್ ಹಿಡಿದಿರೋದು ನನ್ನ ತಲಿ ಕ್ಲಿಪ್ಪು. ಅದಕ್ಕ ನಾ ಮನಿ ಎಲ್ಲಾ ಹುಡುಕೀನಿ. ದೀಪ ಅಂತೀರಲ್ಲ, ಅವು ನಿಮ್ಮ ಜೀನ್ಸ್ ಜೇಬಿಗೆ ಹೊಡಿಯೋ ರಿವೀಟು. ದಿನಾ ನಿಮ್ಮ ಅಂಗಿ ಕಿಸೆದಾಗ ನನಗ ಸಿಗ್ತಾವು."

ಇಪ್ಪತ್ತು ವರ್ಷದಿಂದ ರಿವೀಟಿನ ನಡುವೆಯೇ ಬದುಕಿದ ಮನುಷ್ಯ ಕಿಸೆಗೆ ಕೈಹಾಕಿದ. ಎರಡು ಸಿಕ್ಕವು.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಫೋಟೋದಲ್ಲಿ ತೊಟ್ಟಿಯ ಅಂಚಿಗೆ ಒಂದು ಬದಿ ಇಳಿಜಾರಾದ ಕೆಂಪು ಇಟ್ಟಿಗೆಗಳಿದ್ದವು, ರಾಶಿಯಲ್ಲಿ ಅವು ಇರಲಿಲ್ಲ. ರಾಶಿಯಲ್ಲಿದ್ದ ಎಷ್ಟೋ ಬೂದು ತುಂಡುಗಳು ಫೋಟೋದಲ್ಲಿ ಇರಲಿಲ್ಲ. ಮಂಚದ ಕೆಳಗೆ, ಬೀರುವಿನ ಹಿಂದೆ, ಅಕ್ಕಿ ಡಬ್ಬದ ಪಕ್ಕದಲ್ಲಿ ಹುಡುಕಿದ್ದಾಯಿತು. ಕಳೆದೇ ಹೋಗಿವೆ ಎಂದು ತೀರ್ಮಾನಿಸಿ, ಬೂದು ತುಂಡುಗಳನ್ನೆಲ್ಲ ಬಾಚಿ ಡಬ್ಬಿಗೆ ಹಾಕಿ, ಸಂಜೆ ಬ್ರೂಸ್‌ಪೇಟೆಗೆ ಓಡಿದ.

ಆಟಿಕೆಯ ಅಂಗಡಿಯ ಮಹಮ್ಮದ್ ಗೌಸ್ ಅವನ ಹಳೆಯ ಸ್ನೇಹಿತ. ಶೇಖರ್ ತನಗೆ ಬೇಕಾದ ತುಂಡನ್ನು ಗಾಳಿಯಲ್ಲಿ ಬೆರಳಾಡಿಸಿ ವರ್ಣಿಸಿದ. ತಲೆಯ ಮೇಲೆ ಎರಡು ಬೊಟ್ಟು, ಒಂದು ಬದಿ ಜಾರು, ಬಣ್ಣ ಕೆಂಪು. ಗೌಸ್ ಸಮಾಧಾನದಿಂದ ಎಲ್ಲ ಕೇಳಿ, ಬಿಡಿ ತುಂಡು ಯಾರೂ ಮಾರುವುದಿಲ್ಲ, ಬೇಕಾದರೆ ಬೇರೆ ಕಂಪನಿಯ ಒಂದು ಪಾಕೀಟು ಇದೆ, ನೋಡಲು ಹಾಗೇ ಇರುತ್ತದೆ, ಹೊಂದುತ್ತದೋ ಇಲ್ಲವೋ ತಾನು ಹೇಳಲಾರೆ ಎಂದ. ನೋಡಲು ಹಾಗೇ ಇದ್ದರೆ ಸಾಕು ಎಂದ ಕಟಿಂಗ್ ಮಾಸ್ಟರ್.

ನೋಡಲು ಹಾಗೇ ಇತ್ತು. ಆದರೆ ಒತ್ತಿದರೆ ಹಿಡಿಯಲಿಲ್ಲ. ಭಾನುವಾರ ಬೆಳಿಗ್ಗೆ ತೊಟ್ಟಿಯ ಅಂಚಿಗೆ ಕೂಡಿಸಿದರೆ ಫ್ಯಾನಿನ ಗಾಳಿಗೇ ಉದುರುತ್ತಿದ್ದವು. ಹಿಡಿಯದ ಬಟ್ಟೆಗೆ ಹೊಲಿಗೆ ಹಾಕುತ್ತಾರೆ, ಹಿಡಿಯದ ಇಟ್ಟಿಗೆಗೆ ಏನು ಹಾಕುತ್ತಾರೆ? ಅಂಟು! ಚಪ್ಪಲಿ ಕಿತ್ತರೆ ಹಚ್ಚುವ ಆ ಸಣ್ಣ ಟ್ಯೂಬನ್ನು ತಂದ. ಮೊದಲು ಸಡಿಲ ತುಂಡುಗಳಿಗಷ್ಟೇ ಹಚ್ಚಿದ. ಆಮೇಲೆ, ಅತ್ತೆಯ ಕೆಲಸದಲ್ಲಿ ಇದೊಂದು ಕೊರತೆ, ಎತ್ತಿದರೆ ಕಳಚುತ್ತದೆ, ತನ್ನ ಕೆಲಸ ಹಾಗಿರಬಾರದು ಎನಿಸಿತು. ಜೀನ್ಸಿಗೆ ಡಬಲ್ ಹೊಲಿಗೆ ಹೊಡೆದು ರೂಢಿಯಾದ ಕೈ ಅದು. ಚಕ್ರದಿಂದ ಹಿಡಿದು ಪೈಪಿನವರೆಗೆ ಒಂದು ಸಂದಿಯನ್ನೂ ಬಿಡದೆ ಅಂಟು ಹಚ್ಚಿ ಒತ್ತಿದ. ನಡುವೆ ಹೆಬ್ಬೆರಳಿಗೇ ಒಂದು ಇಟ್ಟಿಗೆ ಅಂಟಿತು, ನೀಲಾವತಿ ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಾರ್ವೆಸ್ಟರು ಎದ್ದು ನಿಂತಿತು. ಫೋಟೋ ಪಕ್ಕಕ್ಕಿಟ್ಟು ನೋಡಿದರೆ, ಸುಳ್ಳು ಯಾಕೆ ಹೇಳಲಿ, ಥೇಟು ಅದೇ!

"ಹೆಂಗೈತಿ?" ಎಂದು ಮೀಸೆ ತಿರುವಿದ.

"ಚಲೋ ಐತಿ. ಅವ್ವ ಮುಟ್ಟಲಿಲ್ಲಾಂದ್ರ ಸಾಕು" ಎಂದಳು ನೀಲಾವತಿ.

ಸಂಜೆ ಮೂವರೂ ಬಂದರು. ಮೈಲಾರಪ್ಪ ಆಳೆತ್ತರದ ಮನುಷ್ಯ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ನೀರು ಕುಡಿದ, ಮೊಮ್ಮಗಳಿಗೆ ಕೊಡಿಸಿದ ಮಂಡಾಳು ಮಿರ್ಚಿಯ ಪೊಟ್ಟಣ ಬಿಚ್ಚಿದ, ಆಮೇಲೆ ಎಲ್ಲಿ ಅಕ್ಕ ನಿನ್ನ ಮಷಿನ್ನು ಎಂದು ನಗುತ್ತ ಕೇಳಿದ. ಜಂಬಮ್ಮ ಸೆರಗು ಸರಿಮಾಡಿಕೊಂಡು, ಮದುಮಗಳನ್ನು ಕರೆತರುವ ಹಾಗೆ ಹಾರ್ವೆಸ್ಟರನ್ನು ತಂದು ತಮ್ಮನ ಮುಂದಿಟ್ಟರು. ತರುವಾಗ ಅವರ ಹುಬ್ಬು ಒಮ್ಮೆ ಮೇಲೇರಿದ್ದನ್ನು ಶೇಖರ್ ಕಂಡ, ಕಾಣದವನಂತೆ ಫ್ಯಾನು ನೋಡಿದ.

ಮೈಲಾರಪ್ಪನ ನಗು ನಿಂತಿತು. ಬಗ್ಗಿ ನೋಡಿದ. ಕ್ಯಾಬಿನ್ನು ಸರಿಯಾಗಿದೆ ಎಂದ, ತೊಟ್ಟಿ ಸರಿಯಾಗಿದೆ ಎಂದ. ಶೇಖರನ ಎದೆ ಒಂದೊಂದು ಮಾತಿಗೂ ಒಂದೊಂದು ಇಂಚು ಉಬ್ಬಿತು. ಆಮೇಲೆ ಮೈಲಾರಪ್ಪ ದಪ್ಪ ಬೆರಳಿನಿಂದ ಮುಂದಿನ ರೀಲನ್ನು ತಳ್ಳಿದ.

"ರೀಲು ತಿರುಗಂಗಿಲ್ಲೇನಕ್ಕ?"

"ತಿರುಗ್ತೈತಿ, ತಡಿ" ಎಂದು ಜಂಬಮ್ಮ ತಾವೇ ತಳ್ಳಿದರು. ತಿರುಗಲಿಲ್ಲ. ಮತ್ತೊಮ್ಮೆ ತಳ್ಳಿದರೆ ರೀಲಿನ ಬದಲು ಇಡೀ ಹಾರ್ವೆಸ್ಟರೇ ಹಿಂದಕ್ಕೆ ಸರಿಯಿತು. ಬಿಚ್ಚಿ ಸಡಿಲ ಮಾಡೋಣ ಎಂದು ಉಗುರು ಹಾಕಿದರು, ಬರಲಿಲ್ಲ. ಹಲ್ಲು ಹಾಕಿದರು, ಬರಲಿಲ್ಲ. ಮೈಲಾರಪ್ಪ ಮತ್ತೆ ನಗತೊಡಗಿದ. "ನಾ ಹೇಳಿದ್ದಿಲ್ಲೇನಕ್ಕ? ನೋಡಿದಷ್ಟು ಸಸಾರ ಅಲ್ಲ ಮಷಿನ್ನು."

ಜಂಬಮ್ಮನವರ ಮುಖ ಸಣ್ಣದಾಯಿತು. ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟರು. ಶೇಖರ್ ಆ ಮುಖವನ್ನು ನೋಡಿದ. ಎಷ್ಟೋ ಸುಗ್ಗಿಗಳಲ್ಲಿ ಬದುವಿನ ಮೇಲೆ ಕೂತು ಕಲಿತ ಹೆಂಗಸು, ತನ್ನ ಒಂದು ಟ್ಯೂಬು ಅಂಟಿನಿಂದ ತಮ್ಮನ ಮುಂದೆ ಸೋಲಬೇಕೇ? ಅಳಿಯನ ಮರ್ಯಾದೆ ಹೋದರೆ ಹೋಗಲಿ.

"ಮಾವಾರ, ಅದು ಅತ್ತಿ ಕಟ್ಟಿದ್ದಲ್ಲ. ಅವರದ್ದು ನಾ ಬೀಳಿಸಿ ಹಾಳು ಮಾಡಿದೆ. ಇದು ನಾ ಕಟ್ಟಿದ್ದು. ಅವರದ್ದು ಗಿರಗಿರ ತಿರುಗ್ತಿತ್ರಿ."

ಶೇಖರ್ ತಲೆ ತಗ್ಗಿಸಿ ಸ್ಟೂಲು, ಫೋಟೋ, ಗೌಸನ ಪಾಕೀಟು, ಅಂಟು ಎಲ್ಲವನ್ನೂ ಒಂದೊಂದಾಗಿ ಒಪ್ಪಿಸಿದ. ಜಂಬಮ್ಮ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದು ಅವನು ಹೆದರಿದ. ನೋಡಿದರೆ ನಗು! ಕಣ್ಣಲ್ಲಿ ನೀರು ಬರುವಷ್ಟು ನಗು.

"ಅಯ್ಯ ಅಳಿಯಂದ್ರ, ಫೋಟೋದಾಗಿನ ಮಷಿನ್ ನಾ ಯಾವಾಗೋ ಬಿಚ್ಚಿ ಹಾಕೀನಿ. ದಿನಾ ನೀವೆಲ್ಲ ಹೋದಮ್ಯಾಲೆ ಬಿಚ್ಚತೀನಿ, ನೀವು ಬರೋದ್ರಾಗ ಮತ್ತೊಂದು ನಮೂನಿ ಕಟ್ಟತೀನಿ. ಇಲ್ಲಾಂದ್ರ ನನ್ನ ಹೊತ್ತು ಹೆಂಗ ಹೋಗಬೇಕು?"

ಶೇಖರ್ ಮಗಳ ಕಡೆ ನೋಡಿದ. ಅಕ್ಷತಾ ಮಿರ್ಚಿ ಕಡಿಯುತ್ತ, ಹೌದಪ್ಪ, ದಿನಾ ಬೇರೆ ಇರುತ್ತದೆ, ನೀನೇ ಗಮನಿಸಿಲ್ಲ ಎಂದಳು. ಕೆಂಪು ಇಳಿಜಾರು ಇಟ್ಟಿಗೆಗಳು ಕಳೆದೇ ಇರಲಿಲ್ಲವಂತೆ. ಅಜ್ಜಿಗೆ ಈಗ ಬೇಡವಾಗಿದ್ದರಿಂದ ಅವಳ ಕಂಪಾಸ್ ಬಾಕ್ಸಿನಲ್ಲಿ ಕೂತಿದ್ದವಂತೆ. ಎಂಥ ಪ್ಯಾಂಟನ್ನಾದರೂ ಒಮ್ಮೆ ನೋಡಿ ಜಾತಕ ಬರೆಯುವ ಕಣ್ಣುಗಳು ಸುಮ್ಮನೆ ನೆಲ ನೋಡಿದವು.

"ಬೀಳಿಸಿದ್ರಿಂದ ಏನೂ ಆಗಿದ್ದಿಲ್ರಿ" ಎಂದರು ಜಂಬಮ್ಮ, ಕಣ್ಣೊರೆಸಿಕೊಳ್ಳುತ್ತ. "ಚಾ ಕಾಯೋದ್ರಾಗ ಕಟ್ಟಿಬಿಡತಿದ್ದೆ. ನೀವು ರಿಪೇರಿ ಮಾಡೀರಲ್ಲ, ಅದಕ್ಕ ಈಗ ಏನೂ ಮಾಡಾಕ ಬರಂಗಿಲ್ಲ."

ನೀಲಾವತಿ ಚಹಾ ಇಡಲು ಒಳಗೆ ಹೋದಳು. ಜಂಬಮ್ಮ ಡಬ್ಬಿ ತರಿಸಿ, ಶೇಖರ್ ಬೇಡವೆಂದು ಹಾಕಿದ್ದ ಬೂದು ತುಂಡುಗಳನ್ನು ಉಡಿಗೆ ಸುರಿದುಕೊಂಡರು. ಇಡೀ ಮಷಿನ್ನಿಗೆ ಸಾಲುವಷ್ಟು ಇಟ್ಟಿಗೆ ಉಳಿದಿರಲಿಲ್ಲ, ರೀಲಿಗೆ ಸಾಕಿತ್ತು. ಮಾತಾಡುತ್ತ ಮಾತಾಡುತ್ತ ಒಂದರ ಪಕ್ಕ ಒಂದು ಕೂಡಿಸಿದರು. ಚಹಾ ಬರುವ ಹೊತ್ತಿಗೆ ಬೂದು ಬಣ್ಣದ ರೀಲೊಂದು ತಮ್ಮನ ಅಂಗೈ ಮೇಲಿತ್ತು. ಮೈಲಾರಪ್ಪ ಬೆರಳು ತಾಗಿಸಿದ. ಅದು ತಿರುಗಿತು. ತಿರುಗುತ್ತಲೇ ಇತ್ತು. ಅವನು ಹಲ್ಲುಗಳ ಓರೆ ನೋಡಿದ, ಅಕ್ಕನ ಮುಖ ನೋಡಿದ.

"ಈ ಸುಗ್ಗಿಗಿ ಬಾರಕ್ಕ" ಎಂದ ಕೊನೆಗೆ. "ಕ್ಯಾಬಿನ್ನಿನಾಗ ನನ್ನ ಪಕ್ಕ ಕುಂದರುವಂತಿ."

ಜಂಬಮ್ಮ ಮಿರ್ಚಿಯೊಂದನ್ನು ಎತ್ತಿ ತಮ್ಮನ ಬಾಯಿಗಿಟ್ಟರು. ಆ ಸಂಜೆಯಲ್ಲಿ ಆ ಮನೆಯಷ್ಟು ಸಂತೋಷವಾಗಿದ್ದ ಮನೆ ಪಾರ್ವತಿನಗರದಲ್ಲಿ ಇನ್ನೊಂದಿರಲಿಲ್ಲ. ಹೊರಡುವಾಗ ಮೈಲಾರಪ್ಪ ಅಂಟಿಸಿದ ಹಾರ್ವೆಸ್ಟರನ್ನು ತನಗೆ ಕೊಡಿ ಎಂದು ಕೇಳಿ ಪಡೆದ. ಗದ್ದೆಯಲ್ಲಿ ಎಷ್ಟು ಕುಲುಕಿದರೂ ಅದು ಬಿಚ್ಚುವುದಿಲ್ಲ, ತನ್ನ ಮಷಿನ್ನಿನ ಗಾಜಿನ ಮುಂದೆ ಇಟ್ಟುಕೊಳ್ಳುತ್ತೇನೆ ಎಂದ. ಶೇಖರನಿಗೆ ಸಿಕ್ಕ ಹೊಗಳಿಕೆ ಅದೊಂದೇ, ಅದನ್ನೇ ಅವನು ಜೋಪಾನವಾಗಿ ಇಟ್ಟುಕೊಂಡ. ಅತ್ತೆಗೆ ಹೊಸ ಡಬ್ಬಿಯನ್ನು ಮರುದಿನವೇ ಕೊಡಿಸುವುದೆಂದೂ ತೀರ್ಮಾನವಾಯಿತು.

ಮರುದಿನ ಬೆಳಿಗ್ಗೆ ಅವನು ಯೂನಿಟ್ಟಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಒಳಗೆ ಅತ್ತೆ ಸಿರುಗುಪ್ಪದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ತನ್ನ ಹೆಸರು ಕೇಳಿಸಿದಂತಾಗಿ ಶೇಖರ್ ಒಂದು ಕಾಲಲ್ಲೇ ನಿಂತು ಕಿವಿ ನಿಮಿರಿಸಿದ.

"ನಮ್ಮ ಅಳಿಯಂದ್ರು ಬಂಗಾರದಂಥ ಮನುಷ್ಯಾ ನೋಡವ್ವ" ಎನ್ನುತ್ತಿದ್ದರು ಜಂಬಮ್ಮ. "ಅವರ ಬಗ್ಗಿ ಒಂದು ಮಾತು ಅನ್ನಂಗಿಲ್ಲ. ಮನ್ಯಾಗ ಏನಾರ ಮುರಿದ್ರ ಮಾತ್ರ ಅವರಿಗೆ ಗೊತ್ತಾಗಲಾರದಂಗ ನೋಡ್ಕಬೇಕು, ಅಷ್ಟೇ."